ಬೇರೆ ಕಂಪನಿಯ ಇಟ್ಟಿಗೆಗೂ ಜಾಗ ಕೊಡಿ

ಲೆಗೋ ಕಟ್ಟುವವರಲ್ಲಿ ಹಲವರಿಗೆ ಒಂದು ಮಡಿ ಇದೆ: ಬೇರೆ ಕಂಪನಿಯ ಒಂದೇ ತುಂಡು ಸೇರಿದರೂ ಮಾದರಿ ಕೆಟ್ಟಂತೆ. ಈ ಮಡಿಯನ್ನು ಸಡಿಲಿಸಿ ಎನ್ನುತ್ತೇನೆ. ಲೆಗೋದ ಮೊದಲ ಇಟ್ಟಿಗೆಗಳೇ ಬ್ರಿಟನ್ನಿನ ಕಿಡ್ಡಿಕ್ರಾಫ್ಟ್ ಇಟ್ಟಿಗೆಗಳನ್ನು ನೋಡಿ ರೂಪುಗೊಂಡವು. ಒಳಗಿನ ಕೊಳವೆಗಳಿಂದ ಬಿಗಿಯಾಗಿ ಕಚ್ಚಿಕೊಳ್ಳುವ ಇಂದಿನ ರೂಪಕ್ಕೆ 1958ರಲ್ಲಿ ಪೇಟೆಂಟ್ ಅರ್ಜಿ ಹಾಕಲಾಯಿತು. ಅದರ ಅವಧಿ ಮುಗಿದು ಎಷ್ಟೋ ಕಾಲವಾಗಿದೆ. ಇಟ್ಟಿಗೆಯ ಆಕಾರವನ್ನು ಟ್ರೇಡ್‌ಮಾರ್ಕ್ ಮಾಡಿಕೊಳ್ಳಲಾಗದು ಎಂದು ಯುರೋಪಿನ ನ್ಯಾಯಾಲಯವೂ 2010ರಲ್ಲಿ ತೀರ್ಪು ಕೊಟ್ಟಿತು. ಹಾಗಾಗಿ ಅದಕ್ಕೆ ಹೊಂದುವ ಇಟ್ಟಿಗೆ ಮಾಡುವುದು ಕಳ್ಳತನವಲ್ಲ. ಇಡೀ ಸೆಟ್ಟಿನ ವಿನ್ಯಾಸವನ್ನೇ ನಕಲು ಹೊಡೆದು ಮಾರುವುದು ಬೇರೆ ಮಾತು, ಅಂಥದ್ದನ್ನು ಕೊಳ್ಳಬೇಡಿ.

ಗುಣಮಟ್ಟದ ಆಕ್ಷೇಪಕ್ಕೆ ಮಾತ್ರ ನಿಜವಾದ ತೂಕವಿದೆ. ಲೆಗೋದಲ್ಲಿ ಇಟ್ಟಿಗೆಯ ಮೇಲಿನ ಉಬ್ಬಿನಿಂದ ಉಬ್ಬಿಗೆ 8 ಮಿಲಿಮೀಟರ್, ಇಟ್ಟಿಗೆಯ ಎತ್ತರ 9.6. ಒಂದು ತುಂಡಿನಲ್ಲಿ ಕಣ್ಣಿಗೆ ಬೀಳದ ವ್ಯತ್ಯಾಸ ಹತ್ತು ಸಾಲು ಏರುವಷ್ಟರಲ್ಲಿ ಗೋಡೆಯನ್ನೇ ವಾಲಿಸಬಹುದು. ಅದಕ್ಕೇ ಹೊಸ ತುಂಡುಗಳನ್ನು ಹತ್ತರ ಕಂಬವಾಗಿ ಜೋಡಿಸಿ, ಲೆಗೋದ ಹತ್ತರ ಕಂಬದ ಪಕ್ಕ ನಿಲ್ಲಿಸಿ. ತಲೆ ಸಮವಾಗಿದ್ದು, ಬಿಡಿಸುವಾಗ ಹಿಡಿತವೂ ಒಂದೇ ಆಗಿದ್ದರೆ ಧೈರ್ಯವಾಗಿ ಬೆರೆಸಿ. ಇಲ್ಲವಾದರೆ ಮರ, ಪೊದೆ, ಬಂಡೆಗೆ ಇಟ್ಟುಕೊಳ್ಳಿ. ಅಲ್ಲಿ ಬಣ್ಣದ ಏರುಪೇರೂ ಚೆಂದವೇ. ಗೇರು, ಕೀಲು ಇರುವ ಕಡೆ ಮಾತ್ರ ಬೇಡ. ಮಕ್ಕಳ ಕೈಗೆ ಕೊಡುವುದಾದರೆ ಐಎಸ್‌ಐ ಗುರುತು ನೋಡಿ; ಭಾರತದಲ್ಲಿ ಆಟಿಕೆಗಳಿಗೆ 2021ರಿಂದ ಅದು ಕಡ್ಡಾಯ. ಮುಂದೆ ನಿಮ್ಮ ಸಂಗ್ರಹವನ್ನು ಮಾರುವಾಗ ಬೆರಕೆ ಇದೆಯೆಂದು ಕೊಳ್ಳುವವರಿಗೆ ಮೊದಲೇ ಹೇಳಿಬಿಡಿ.