ನೋಡಿದ್ದನ್ನೆಲ್ಲ ಕಳಿಸಬೇಡಿ

ಶಿಡ್ಲಘಟ್ಟದ ರೇಷ್ಮೆ ರೀಲರ್ ಒಬ್ಬರು, ಗೌರಿಬಿದನೂರಿನ ವಿಜ್ಞಾನದ ಮೇಷ್ಟ್ರು, ಚಿಂತಾಮಣಿಯಲ್ಲಿ ಮೊಬೈಲ್ ರಿಪೇರಿ ಮಾಡುವ ಹುಡುಗ, ಚಿಕ್ಕಬಳ್ಳಾಪುರದ ನಾನು. ನಮಗೆಲ್ಲ ಒಂದೇ ಹುಚ್ಚು: ನೆಟ್‌ನಲ್ಲಿ ಏನಾದರೂ ವಿಚಿತ್ರ ಸಿಕ್ಕರೆ ಇನ್ನೊಬ್ಬರಿಗೆ ತೋರಿಸದೆ ಸಮಾಧಾನವಿಲ್ಲ. ಹಂಚಿ ಹಂಚಿ ಕಲಿತದ್ದು ಇಷ್ಟು.

1. ಹತ್ತಿರದ್ದನ್ನು ಹುಡುಕಿ. ನಾಸಾದ ಚಿತ್ರ ಕಳಿಸಿದರೆ ಒಂದು ಹೆಬ್ಬೆಟ್ಟು ಬರುತ್ತದೆ, ಅಲ್ಲಿಗೆ ಮುಗಿಯಿತು. ಸೂರ್ಯನ ರೇಡಿಯೊ ಅಲೆಗಳನ್ನು ಹಲವು ದೇಶಗಳಲ್ಲಿ ದಾಖಲಿಸುವ ಇ-ಕ್ಯಾಲಿಸ್ಟೊ ಜಾಲದ ಪಟ್ಟಿಯಲ್ಲಿ ‘ಗೌರಿ’ ಎಂಬ ಹೆಸರು ಸಿಕ್ಕಾಗ ಮಾತು ವಾರವೆಲ್ಲ ನಿಲ್ಲಲಿಲ್ಲ. ಅದು ನಮ್ಮ ಗೌರಿಬಿದನೂರೇ! ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಕೂಡಿ 1976ರಲ್ಲಿ ಶುರುಮಾಡಿದ ರೇಡಿಯೊ ವೀಕ್ಷಣಾಲಯ ಇರುವ ಊರು. ಬಸ್ಸಿನಲ್ಲಿ ಆ ದಾರಿ ಹಾದವರಿಗೂ ಅಲ್ಲಿಯ ದಾಖಲೆಯನ್ನು ಮನೆಯಲ್ಲೇ ಕೂತು ನೋಡಬಹುದೆಂದು ಗೊತ್ತಿರಲಿಲ್ಲ.

2. ಏನು ನೋಡಬೇಕೆಂದು ಹೇಳಿ. ಆ ದಾಖಲೆ ಹದಿನೈದು ನಿಮಿಷಕ್ಕೊಂದು ಚಿತ್ರ. ಹೊಸಬರಿಗೆ ಬಣ್ಣದ ಗೋಡೆಯಷ್ಟೇ. ಮೇಷ್ಟ್ರು ಒಂದು ಗೀಟಿನ ಸುತ್ತ ಕೆಂಪು ವೃತ್ತ ಹಾಕಿ ಬರೆದರು: ‘ಸೂರ್ಯನಿಂದ ಚಿಮ್ಮಿದ ಎಲೆಕ್ಟ್ರಾನ್‌ಗಳು ಹೊರಕ್ಕೆ ಹೋದಂತೆಲ್ಲ ಸುತ್ತಲ ಪ್ಲಾಸ್ಮಾ ತೆಳುವಾಗುತ್ತದೆ. ಅದಕ್ಕೇ ಫ್ರೀಕ್ವೆನ್ಸಿ ಕೆಲವೇ ಸೆಕೆಂಡುಗಳಲ್ಲಿ ಮೇಲಿನಿಂದ ಕೆಳಕ್ಕೆ ಜಾರಿದೆ.’ ಮರುದಿನದಿಂದ ಎಲ್ಲರೂ ಗೀಟು ಹುಡುಕುವವರೇ.

3. ಇಡೀ ಪಿಡಿಎಫ್ ತಳ್ಳಬೇಡಿ; ಪುಟದ ಸಂಖ್ಯೆ ಕೊಡಿ. ಬಿ. ಎಲ್. ರೈಸ್ 1905ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟ ಇಂಟರ್‌ನೆಟ್ ಆರ್ಕೈವ್‌ನಲ್ಲಿದೆ. ಆಗ ನಾವೆಲ್ಲ ಕೋಲಾರ ಜಿಲ್ಲೆ (ಚಿಕ್ಕಬಳ್ಳಾಪುರ ಜಿಲ್ಲೆ ಬೇರೆಯಾದದ್ದು 2007ರಲ್ಲಿ), ಹಾಗಾಗಿ ನಾಲ್ಕೂ ತಾಲ್ಲೂಕಿನ ಶಾಸನಗಳು ಅದೊಂದರಲ್ಲೇ ಸಿಗುತ್ತವೆ. ಊರ ಹೆಸರುಗಳನ್ನು ಹಳೆಯ ಇಂಗ್ಲಿಷ್ ಕಾಗುಣಿತದಲ್ಲಿ, ‘ಗೋರಿಬಿದ್ನೂರ್’ ಎಂಬ ಧಾಟಿಯಲ್ಲಿ ಹುಡುಕಬೇಕು. ‘ನಿಮ್ಮೂರ ಗುಡಿಯ ಮುಂದಿನ ಕಲ್ಲು ಈ ಪುಟದಲ್ಲಿದೆ’ ಎಂದು ಒಬ್ಬನಿಗೆ ಕಳಿಸಿದರೆ ಆತ ಸಂಜೆಯೊಳಗೆ ಟಾರ್ಚ್ ಹಿಡಿದು ಹೋಗಿ ಫೋಟೊ ಹಾಕುತ್ತಾನೆ. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಬಿಟ್ಟರೆ ಸವೆದ ಅಕ್ಷರವೂ ಎದ್ದು ಬರುತ್ತದೆ. ಸುಣ್ಣ, ಎಣ್ಣೆ ಬಳಿಯುವುದು ಬೇಡ.

4. ದಿಶಾಂಕ್ ಆ್ಯಪ್ ವಿಷಯದಲ್ಲಿ ಹುಷಾರು. ನಿಂತ ಜಾಗದ ಸರ್ವೆ ನಂಬರು ಹೇಳುವುದು ಮಜವೇ. ಆದರೆ ಮೊಬೈಲಿನ ಜಿಪಿಎಸ್ ಕೆಲವು ಮೀಟರ್ ಅತ್ತಿತ್ತ ಆಗುತ್ತದೆ. ಸ್ಕ್ರೀನ್‌ಶಾಟ್ ಹಿಡಿದು ಬದುವಿನ ಮೇಲೆ ನಿಂತರೆ ಜಗಳ ಗ್ಯಾರಂಟಿ. ಪಹಣಿಯ ಹೆಸರುಗಳನ್ನಂತೂ ಹಂಚಲೇಬಾರದು.

5. ನಡುಕದ ಸುದ್ದಿ ತಾಳೆ ನೋಡದೆ ಮುಂದಕ್ಕೆ ಕಳಿಸಬೇಡಿ. 2021ರ ಡಿಸೆಂಬರ್ 22ರ ಬೆಳಿಗ್ಗೆ ಚಿಕ್ಕಬಳ್ಳಾಪುರದ ಸುತ್ತ ಎರಡು ಸಲ ನೆಲ ಅದುರಿತು. ರಾಷ್ಟ್ರೀಯ ಭೂಕಂಪ ವಿಜ್ಞಾನ ಕೇಂದ್ರ ದಾಖಲಿಸಿದ ತೀವ್ರತೆ 2.9 ಮತ್ತು 3.0. ಆಮೇಲೆ ಪಾತ್ರೆ ಸದ್ದಾದರೂ ‘ಇಲ್ಲೂ ಆಯ್ತಂತೆ’. ಕ್ವಾರಿಗಳಿರುವ ಸೀಮೆಯಲ್ಲಿ ಎಲ್ಲ ಢಮ್ಮೂ ಭೂಕಂಪವಲ್ಲ. ಆ ಕೇಂದ್ರದ ಭೂಕಂಪ್ ಆ್ಯಪ್‌ನಲ್ಲಿ ಸಮಯ ಹೊಂದಿಸಿ ನೋಡಿ. ಗೌರಿಬಿದನೂರಿನಲ್ಲೇ 1965ರಲ್ಲಿ ಹಾಕಿದ, ‘ಎಲ್’ ಆಕಾರದಲ್ಲಿ ಹಬ್ಬಿದ ಭೂಕಂಪಮಾಪಕಗಳ ಸಾಲಿದೆ. ಭಾಭಾ ಅಣು ಸಂಶೋಧನಾ ಕೇಂದ್ರದ್ದು, ದೂರದ ದೇಶಗಳ ನೆಲದಡಿಯ ಅಣುಸ್ಫೋಟ ಹಿಡಿಯುವುದಕ್ಕೆ. ನನ್ನ ಕೇಳಿದರೆ ಗಾಳಿಸುದ್ದಿಗಿಂತ ಈ ಕಥೆಯೇ ಹಂಚಲು ಚೆನ್ನ.

6. ಹೊತ್ತು ನೋಡಿ. ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಹರಾಜು ನಡೆಯುವಾಗ ರೀಲರ್ ಕೈಯ ಮೊಬೈಲು ಲಾಟಿನ ಮೇಲೆ ಬಿಡ್ ಹಾಕಲಿಕ್ಕೆ, ಸೂರ್ಯನ ಗೀಟಿಗಲ್ಲ.

7. ಬರೆಯುವುದು ಕನ್ನಡದಲ್ಲಿ, ಆದರೆ ಚಿಂತಾಮಣಿ ಕಡೆಯ ಅರ್ಧ ಮನೆಗಳ ಮಾತು ತೆಲುಗು. ಕಷ್ಟದ್ದನ್ನು ತೆಲುಗಿನಲ್ಲೂ ವಾಯ್ಸ್ ಮೆಸೇಜ್ ಮಾಡಿದರೆ ಅಜ್ಜಿಯೂ ಪ್ರಶ್ನೆ ಕೇಳುತ್ತಾರೆ. ಅವರ ಪ್ರಶ್ನೆಗಳೇ ಹೆಚ್ಚು ಚೂಪು.

8. ಲಿಂಕುಗಳು ಸಾಯುತ್ತವೆ, ಸರ್ಕಾರಿ ತಾಣದವು ಬೇಗ. ಸಿಕ್ಕಿದ ದಿನವೇ ವೇಬ್ಯಾಕ್ ಮಷಿನ್‌ಗೆ ಒಂದು ಪ್ರತಿ ಸೇರಿಸಿ, ಆ ವಿಳಾಸವನ್ನೂ ಜೊತೆಗೆ ಕಳಿಸಿ.