ಒಂದೇ ವೈರಾಣು, ದೇಶಕ್ಕೊಂದು ನಿಯಮ: ಶಾಲಾ ಮಕ್ಕಳ ಮಾಸ್ಕ್

ಪ್ರಶ್ನೆ: ಕೊರೊನಾ ಕಾಲದಲ್ಲಿ ಅಮೆರಿಕದಲ್ಲಿರುವ ನನ್ನ ಅಣ್ಣನ ಎರಡೂವರೆ ವರ್ಷದ ಮಗುವಿಗೆ ಡೇಕೇರ್‌ನಲ್ಲಿ ಮಾಸ್ಕ್ ಕಡ್ಡಾಯವಿತ್ತು. ನಮ್ಮಲ್ಲಿ ಐದು ವರ್ಷದೊಳಗಿನವರಿಗೆ ಬೇಡವೆಂದರು. ವೈರಾಣು ಒಂದೇ ಆದಮೇಲೆ ನಿಯಮ ಎರಡೇಕೆ? ಶಾಲೆಯಲ್ಲಿ ಮಕ್ಕಳಿಗೆ ಮಾಸ್ಕ್ ಹಾಕಿಸಿದ್ದರಿಂದ ನಿಜಕ್ಕೂ ಪ್ರಯೋಜನವಾಯಿತೇ?
– ಒಬ್ಬ ಓದುಗರು, ತೀರ್ಥಹಳ್ಳಿ

ಉತ್ತರ: ಪ್ರಯೋಜನವಾಯಿತು, ಆದರೆ ಎಲ್ಲ ವಯಸ್ಸಿನವರಿಗೂ ಒಂದೇ ಪ್ರಮಾಣದಲ್ಲಿ ಆಗಲಿಲ್ಲ. ಸೋಂಕು ಜೋರಾಗಿದ್ದ ತಿಂಗಳುಗಳಲ್ಲಿ ಶಿಕ್ಷಕರಿಗೆ ಮತ್ತು ಹೈಸ್ಕೂಲು ಮಕ್ಕಳಿಗೆ ಮಾಸ್ಕ್ ಕಡ್ಡಾಯ ಮಾಡಿದ್ದು ಸರಿಯಾದ ತೀರ್ಮಾನವೆಂದೇ ನಾನು ನಂಬಿದ್ದೇನೆ. ಅಂಗನವಾಡಿಯ ಮಕ್ಕಳಿಗೆ ಬೇಡವೆಂದದ್ದೂ ಸರಿ. ಇವೆರಡರ ನಡುವಿನ ಪ್ರಾಥಮಿಕ ಶಾಲೆಯ ಮಕ್ಕಳ ವಿಷಯದಲ್ಲಿ ಮಾತ್ರ ಸಾಕ್ಷ್ಯ ತೆಳುವಾಗಿದೆ. ಜಗಳವೆಲ್ಲ ನಡೆದದ್ದೂ ಅಲ್ಲಿಯೇ.

ಮೊದಲು ನಿಮ್ಮ ಅಣ್ಣನ ಮಗುವಿನ ಮಾತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಸೇರಿ 2020ರ ಆಗಸ್ಟ್ 21ರಂದು ಮಕ್ಕಳ ಮಾಸ್ಕ್ ಬಗ್ಗೆ ಸಲಹೆ ಪ್ರಕಟಿಸಿದವು. ಐದು ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನವರಿಗೆ ಬೇಡ. ಆರರಿಂದ ಹನ್ನೊಂದರವರೆಗೆ ಸೋಂಕಿನ ಹರಡುವಿಕೆ, ಮಗುವಿನ ಸಾಮರ್ಥ್ಯ, ದೊಡ್ಡವರ ನಿಗಾ ನೋಡಿಕೊಂಡು ತೀರ್ಮಾನಿಸಿ. ಹನ್ನೆರಡು ದಾಟಿದವರಿಗೆ ದೊಡ್ಡವರಂತೆಯೇ ಹಾಕಿಸಿ ಎಂಬುದು ಅದರ ಸಾರ. ನಮ್ಮ ಕೇಂದ್ರ ಆರೋಗ್ಯ ಸಚಿವಾಲಯ 2022ರ ಜನವರಿಯಲ್ಲಿ ಹೊರಡಿಸಿದ ಪರಿಷ್ಕೃತ ಮಾರ್ಗಸೂಚಿಯಲ್ಲೂ ಇದೇ ವಯೋಮಿತಿ ಇದೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಎರಡು ವರ್ಷದಿಂದಲೇ ಹಾಕಿಸಿ ಎಂದಿತು. ಫ್ರಾನ್ಸ್ ಮೊದಲು ಹನ್ನೊಂದು ವರ್ಷದಿಂದ ಎಂದಿದ್ದು, 2020ರ ನವೆಂಬರ್‌ನಲ್ಲಿ ಅದನ್ನು ಆರಕ್ಕೆ ಇಳಿಸಿತು. ಸ್ವೀಡನ್ ಕಿರಿಯ ಮಕ್ಕಳ ಶಾಲೆಗಳನ್ನು ತೆರೆದಿಟ್ಟಿತು, ಆದರೆ ಆ ಮಕ್ಕಳಿಗೆ ಮಾಸ್ಕ್ ಹಾಕಿಸಲಿಲ್ಲ.

ಈ ದೇಶಗಳು ಕೇಳಿಕೊಂಡ ಪ್ರಶ್ನೆಗಳೇ ಬೇರೆಬೇರೆ ಇದ್ದವು. ಅಮೆರಿಕದವರು ಮುಖ್ಯವಾಗಿ ನೋಡಿದ್ದು ಯಾವ ವಯಸ್ಸಿನಿಂದ ಮಾಸ್ಕ್ ಅಪಾಯವಲ್ಲ ಎಂಬುದನ್ನು. ಎರಡು ವರ್ಷದೊಳಗಿನ ಮಗು ಉಸಿರು ಕಟ್ಟಿದರೆ ತಾನೇ ಕಿತ್ತು ಹಾಕಲಾರದು. ಆದ್ದರಿಂದ ಅಲ್ಲಿ ಗೆರೆ ಬಿತ್ತು. ವಿಶ್ವ ಆರೋಗ್ಯ ಸಂಸ್ಥೆ ಯೋಚಿಸಿದ್ದು ಯಾವ ವಯಸ್ಸಿನಿಂದ ಮಾಸ್ಕ್ ಕೆಲಸಕ್ಕೆ ಬರುತ್ತದೆ ಎಂಬುದರ ಬಗ್ಗೆ. ಮೂಗು ಬಾಯಿ ಎರಡೂ ಮುಚ್ಚುವಂತೆ ಕಟ್ಟಿಕೊಳ್ಳುವುದು, ಗಂಟೆಗಟ್ಟಲೆ ಮುಟ್ಟದೆ ಇರುವುದು, ಪಕ್ಕದವಳ ಮಾಸ್ಕ್ ಚಂದವಿದೆಯೆಂದು ಅದಲುಬದಲು ಮಾಡಿಕೊಳ್ಳದಿರುವುದು – ಇವೆಲ್ಲ ಐದು ದಾಟುವ ಮುನ್ನ ಹೆಚ್ಚಿನ ಮಕ್ಕಳಿಂದ ಆಗದು ಎಂದು ಅವರು ತೀರ್ಮಾನಿಸಿದರು. ನಾಲ್ಕು ವರ್ಷದ ಮಗುವನ್ನು ಸಾಕಿದ ಯಾವ ತಾಯಿಯಾದರೂ ಇದನ್ನು ಒಪ್ಪುತ್ತಾಳೆ. ನಿಮ್ಮ ಅಣ್ಣನ ಮಗುವಿಗೆ ಮಾಸ್ಕ್‌ನಿಂದ ಕೆಡುಕಾಗಿರಲಾರದು. ಆದರೆ ಅದರಿಂದ ಬಹಳ ಒಳಿತಾಯಿತೆಂದು ತೋರಿಸುವ ಗಟ್ಟಿ ಪುರಾವೆಯೂ ಇಲ್ಲ.

ಇನ್ನು ಮಾಸ್ಕ್ ಮಾಡುವ ಕೆಲಸದ ವಿಷಯ. ವೈರಾಣು ಸುಮಾರು 0.1 ಮೈಕ್ರಾನ್ ಗಾತ್ರದ್ದು, ಬಟ್ಟೆಯ ರಂಧ್ರ ಅದಕ್ಕಿಂತ ಎಷ್ಟೋ ದೊಡ್ಡದು, ಹಾಗಾಗಿ ಮಾಸ್ಕ್ ದಂಡ ಎಂದು ಆಗ ಬಹಳ ಮಂದಿ ವಾದಿಸಿದರು. ವೈರಾಣು ಒಂಟಿಯಾಗಿ ಹಾರಾಡುವುದಿಲ್ಲ, ಎಂಜಲಿನ ಸೂಕ್ಷ್ಮ ಹನಿಗಳಲ್ಲಿ ಸೇರಿಕೊಂಡು ಬರುತ್ತದೆ. ಮಾಸ್ಕ್ ಕೂಡ ಬರೀ ಜರಡಿಯಲ್ಲ. ಸರ್ಜಿಕಲ್ ಮಾಸ್ಕ್‌ನ ನಡುಪದರದ ಪಾಲಿಪ್ರೊಪಿಲೀನ್ ಎಳೆಗಳಿಗೆ ಸ್ಥಿರ ವಿದ್ಯುತ್ತಿನ ಆವೇಶವಿರುತ್ತದೆ. ಹಾದುಹೋಗುವ ಕಣಗಳನ್ನು ಅದು ಸೆಳೆದು ಹಿಡಿಯುತ್ತದೆ. ಸೋಪು ಹಾಕಿ ತೊಳೆದರೆ ಆ ಶಕ್ತಿ ಕುಂದುತ್ತದೆ. ಮನೆಯಲ್ಲಿ ಹೊಲಿದ ಬಟ್ಟೆ ಮಾಸ್ಕ್‌ಗೆ ಈ ಗುಣವಿಲ್ಲ, ಆದರೆ ಬಾಯಿಂದ ಹೊರಡುವ ದೊಡ್ಡ ಹನಿಗಳನ್ನು ಅದೂ ತಡೆಯುತ್ತದೆ. ಗದ್ದಕ್ಕೆ ಜಾರಿದ ಮಾಸ್ಕ್ ಯಾವುದಾದರೂ ಒಂದೇ.

ಬಾಯಿಂದ ಹೊರಡುವ ಹನಿಗಳ ಸಂಖ್ಯೆ ದನಿ ಏರಿದಂತೆ ಏರುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಗಿಟ್ ಕಣಿವೆಯಲ್ಲಿ 2020ರ ಮಾರ್ಚ್‌ನಲ್ಲಿ ಒಂದು ಗಾಯನ ತಂಡದ 61 ಜನ ಒಂದು ಸಂಜೆ ಅಭ್ಯಾಸಕ್ಕೆ ಸೇರಿದ್ದರು. ಅವರಲ್ಲಿ 33 ಮಂದಿಗೆ ಸೋಂಕು ಖಚಿತವಾಯಿತು, ಇನ್ನೂ 20 ಮಂದಿಗೆ ತಗಲಿರಬಹುದೆಂದು ತನಿಖೆ ಹೇಳಿತು. ಇಬ್ಬರು ತೀರಿಕೊಂಡರು. ಇದನ್ನು ಓದಿದಾಗ ನಮ್ಮ ಶಾಲೆಗಳಲ್ಲಿ ಒಕ್ಕೊರಲಿನಿಂದ ಮಗ್ಗಿ ಹೇಳಿಸುವುದು ನನ್ನ ಕಣ್ಣಮುಂದೆ ಬಂತು. ಕಿಟಕಿ ಮುಚ್ಚಿದ ಕೊಠಡಿ, ನಲವತ್ತು ಮಕ್ಕಳು, ಎಲ್ಲರ ದನಿಯೂ ಏರಿದ್ದು. ಅಲ್ಲಿ ಅತಿ ಹೆಚ್ಚು ಹೊತ್ತು ಗಟ್ಟಿಯಾಗಿ ಮಾತಾಡುವವರು ಶಿಕ್ಷಕರೇ. ಕೊರೊನಾದಿಂದ ಸಾಯುವ ಅಪಾಯ ವಯಸ್ಸಿನೊಂದಿಗೆ ಏರುತ್ತಿತ್ತಾದ್ದರಿಂದ, ಆ ಕೊಠಡಿಯಲ್ಲಿ ಹೆಚ್ಚು ಅಪಾಯದಲ್ಲಿದ್ದವರೂ ಅವರೇ. ಎರಡನೇ ಅಲೆಯಲ್ಲಿ ನಮ್ಮ ರಾಜ್ಯ ಕಳೆದುಕೊಂಡ ಶಿಕ್ಷಕರನ್ನು ನೆನೆದರೆ, ಶಾಲೆಯ ಮಾಸ್ಕ್ ಎಂದೊಡನೆ ಮಕ್ಕಳ ಬಗ್ಗೆ ಮಾತ್ರ ಚರ್ಚೆಯಾದದ್ದು ನನಗೆ ನೋವಿನ ಸಂಗತಿಯಾಗಿ ಕಾಣುತ್ತದೆ.

ಜೆರುಸಲೇಮಿನ ಒಂದು ಪ್ರೌಢಶಾಲೆಯಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಇಸ್ರೇಲ್ 2020ರ ಮೇ 17ರ ಸುಮಾರಿಗೆ ಶಾಲೆಗಳನ್ನು ಪೂರ್ತಿ ತೆರೆಯಿತು. ಅದರ ಬೆನ್ನಿಗೇ ಬಿಸಿಗಾಳಿ ಬೀಸಿ ತಾಪ 40 ಡಿಗ್ರಿ ಮುಟ್ಟಿತು. ಸೆಕೆಯಲ್ಲಿ ಮಕ್ಕಳು ಒದ್ದಾಡುತ್ತಾರೆಂದು ಮೂರು ದಿನ ಮಾಸ್ಕ್‌ಗೆ ವಿನಾಯಿತಿ ಕೊಟ್ಟರು. ಏಸಿ ಬಿಡುವಿಲ್ಲದೆ ಓಡುತ್ತಿತ್ತು. ಒಂದೊಂದು ತರಗತಿಯಲ್ಲಿ 35ರಿಂದ 38 ಮಕ್ಕಳು ಒತ್ತೊತ್ತಾಗಿ ಕೂತಿದ್ದರು. ಮೇ ತಿಂಗಳ ಕೊನೆಯಲ್ಲಿ ಮೊದಲ ಪ್ರಕರಣಗಳು ಪತ್ತೆಯಾಗಿ ಇಡೀ ಶಾಲೆಯನ್ನು ಪರೀಕ್ಷಿಸಿದಾಗ 153 ವಿದ್ಯಾರ್ಥಿಗಳಿಗೂ 25 ಸಿಬ್ಬಂದಿಗೂ ಸೋಂಕು ತಗಲಿತ್ತು. ಮಾಸ್ಕ್ ತೆಗೆದದ್ದೊಂದೇ ಇದಕ್ಕೆ ಕಾರಣ ಎಂದರೆ ತಪ್ಪಾಗುತ್ತದೆ. ಕಿಕ್ಕಿರಿದ ಕೊಠಡಿ, ಹೊರಗಿನ ಗಾಳಿ ಬಾರದ ಏಸಿ, ಮಾಸ್ಕ್ ಇಲ್ಲದ ಬಾಯಿ, ಈ ಮೂರೂ ಒಟ್ಟಿಗೆ ಕೂಡಿಬಂದವು. ಮಾಸ್ಕ್ ಅಧ್ಯಯನಗಳ ತೊಡಕೆಲ್ಲ ಇಲ್ಲೇ ಇದೆ: ಶಾಲೆಯೊಂದು ಒಂದೇ ಬದಲಾವಣೆ ಮಾಡಿ ಸುಮ್ಮನಿರುವುದಿಲ್ಲ.

ಅಧ್ಯಯನಗಳು ಏನು ಹೇಳುತ್ತವೆ? ದೊಡ್ಡವರ ಬಗ್ಗೆ ನಡೆದ ಬಹುದೊಡ್ಡ ಪ್ರಯೋಗ ಬಾಂಗ್ಲಾದೇಶದ್ದು: 600 ಹಳ್ಳಿಗಳು, ಸುಮಾರು 3.4 ಲಕ್ಷ ವಯಸ್ಕರು. ಮಾಸ್ಕ್ ಹಂಚಿ, ಊರಿನ ಹಿರಿಯರಿಂದ ಹೇಳಿಸಿ, ಸರಿಯಾಗಿ ಹಾಕುವವರ ಪ್ರಮಾಣವನ್ನು ಶೇ. 13ರಿಂದ ಶೇ. 42ಕ್ಕೆ ಏರಿಸಿದರು. ಲಕ್ಷಣಗಳಿದ್ದು ರಕ್ತಪರೀಕ್ಷೆಯಲ್ಲಿ ಖಚಿತವಾದ ಸೋಂಕು ಶೇ. 9ರಷ್ಟು ಇಳಿಯಿತು. ಸರ್ಜಿಕಲ್ ಮಾಸ್ಕ್ ಕೊಟ್ಟ ಹಳ್ಳಿಗಳಲ್ಲಿ ಅರವತ್ತು ದಾಟಿದವರಲ್ಲಿ ಇಳಿಕೆ ಶೇ. 35. ಅರ್ಧಕ್ಕಿಂತ ಹೆಚ್ಚು ಜನ ಹಾಕದೆಯೇ ಬಂದ ಫಲವಿದು ಎಂಬುದನ್ನು ಗಮನಿಸಿ. ಆದರೆ ಈ ಪ್ರಯೋಗದಲ್ಲಿ ಮಕ್ಕಳಿರಲಿಲ್ಲ.

ಮಕ್ಕಳ ವಿಷಯದಲ್ಲಿ ಇಂಥ ದೊಡ್ಡ ಪ್ರಯೋಗ ಆ ಕಾಲದಲ್ಲಿ ನಡೆಯಲಿಲ್ಲ, ನಡೆದವೆಲ್ಲ ಹೋಲಿಕೆಗಳು. ಅಮೆರಿಕದ ಜಾರ್ಜಿಯಾ ರಾಜ್ಯದ 169 ಪ್ರಾಥಮಿಕ ಶಾಲೆಗಳನ್ನು 2020ರ ಕೊನೆಯಲ್ಲಿ ಹೋಲಿಸಿದಾಗ, ಶಿಕ್ಷಕರು ಮತ್ತು ಸಿಬ್ಬಂದಿಗೆ ಮಾಸ್ಕ್ ಕಡ್ಡಾಯವಿದ್ದ ಶಾಲೆಗಳಲ್ಲಿ ಸೋಂಕು ಶೇ. 37 ಕಡಿಮೆ ಇತ್ತು, ಗಾಳಿಯಾಟ ಸುಧಾರಿಸಿದ ಶಾಲೆಗಳಲ್ಲಿ ಶೇ. 39 ಕಡಿಮೆ. ಮಕ್ಕಳಿಗೂ ಕಡ್ಡಾಯ ಮಾಡಿದ್ದ ಕಡೆ ಕಂಡ ಇಳಿಕೆ ಆಕಸ್ಮಿಕವೂ ಆಗಿರಬಹುದಾದಷ್ಟು ಚಿಕ್ಕದು. ಮ್ಯಾಸಚೂಸೆಟ್ಸ್ ರಾಜ್ಯ 2022ರ ಫೆಬ್ರವರಿ ಕೊನೆಯಲ್ಲಿ ನಿಯಮ ಸಡಿಲಿಸಿದಾಗ ಆ ಸುತ್ತಮುತ್ತಲಲ್ಲಿ ಬಾಸ್ಟನ್ ಮತ್ತು ಪಕ್ಕದ ಚೆಲ್ಸಿಯ ಶಾಲೆಗಳು ಮಾತ್ರ ಮಾಸ್ಕ್ ಉಳಿಸಿಕೊಂಡವು. ತೆಗೆದ ಶಾಲೆಗಳಲ್ಲಿ 15 ವಾರಗಳಲ್ಲಿ ಪ್ರತಿ ಸಾವಿರ ಮಂದಿಗೆ ಸುಮಾರು 45 ಪ್ರಕರಣ ಹೆಚ್ಚು ಎಂದು ಲೆಕ್ಕ ಸಿಕ್ಕಿತು. ಪರೀಕ್ಷೆ ಮಾಡುವ ರೀತಿ ಎಲ್ಲ ಕಡೆ ಒಂದೇ ಆಗಿರಲಿಲ್ಲವೆಂಬ ಆಕ್ಷೇಪವೂ ಬಂತು. ಸ್ಪೇನಿನ ಕ್ಯಾಟಲೋನಿಯದ ಹೋಲಿಕೆ ನನಗೆ ಬಹಳ ಮುಖ್ಯವೆನಿಸುತ್ತದೆ. ಅಲ್ಲಿ ಆಗ ಆರು ವರ್ಷದಿಂದ ಮಾಸ್ಕ್ ಕಡ್ಡಾಯವಿತ್ತು, ಐದರವರಿಗೆ ಇರಲಿಲ್ಲ. ಸುಮಾರು ಆರು ಲಕ್ಷ ಮಕ್ಕಳ ದಾಖಲೆ ನೋಡಿದರೆ ಸೋಂಕು ವಯಸ್ಸಿನೊಂದಿಗೆ ಸಮನಾಗಿ ಏರುತ್ತ ಹೋಗಿತ್ತು. ಐದಕ್ಕೂ ಆರಕ್ಕೂ ನಡುವೆ ನಿಯಮದಿಂದಾದ ಎದ್ದುಕಾಣುವ ವ್ಯತ್ಯಾಸ ಇರಲಿಲ್ಲ.

ಇವನ್ನೆಲ್ಲ ಎದುರಿಗಿಟ್ಟುಕೊಂಡು ನಾನು ಹೀಗೆ ಎಣಿಸುತ್ತೇನೆ: ಮಾಸ್ಕ್ ಎಂಬ ವಸ್ತು ಕೆಲಸ ಮಾಡುತ್ತದೆ, ಆದರೆ ಆರು ವರ್ಷದ ಮಗುವಿನ ಮುಖದಲ್ಲಿ ಅದು ಆರು ಗಂಟೆ ಕೆಲಸ ಮಾಡುವುದು ಕಷ್ಟ. ಮಧ್ಯಾಹ್ನ ಬಿಸಿಯೂಟಕ್ಕೆ ಸಾಲಾಗಿ ಕೂತಾಗ ಎಲ್ಲರ ಮಾಸ್ಕೂ ಜೇಬಿಗೆ ಹೋಗುತ್ತದೆ. ಮಳೆಗಾಲದಲ್ಲಿ ತೊಯ್ದ ಮಾಸ್ಕನ್ನೇ ಹಾಕಿಕೊಂಡು ಕೂರುವ ಮಕ್ಕಳನ್ನು ನಿಮ್ಮ ಮಲೆನಾಡಿನಲ್ಲಿ ನೀವೂ ಕಂಡಿರುತ್ತೀರಿ.

ಮಾಸ್ಕ್‌ನಿಂದ ಆಮ್ಲಜನಕ ಕಡಿಮೆಯಾಗುತ್ತದೆಂಬ ಭಯವನ್ನು ಬಿಟ್ಟುಬಿಡಿ. ಅನಿಲದ ಅಣುಗಳು ಆ ಎಳೆಗಳ ನಡುವೆ ಸಲೀಸಾಗಿ ಓಡಾಡುತ್ತವೆ. ಮಕ್ಕಳ ಮಾಸ್ಕ್ ಒಳಗೆ ಇಂಗಾಲದ ಡೈಆಕ್ಸೈಡ್ ಅಪಾಯದ ಮಟ್ಟ ಮುಟ್ಟುತ್ತದೆಂದು 2021ರ ಜೂನ್ ಕೊನೆಯಲ್ಲಿ ಅಮೆರಿಕದ ಮಕ್ಕಳ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ಬರಹವನ್ನು, ಅಳತೆಯ ವಿಧಾನವೇ ಸರಿಯಿಲ್ಲವೆಂದು ಮುಂದಿನ ತಿಂಗಳೇ ಹಿಂತೆಗೆದುಕೊಂಡರು. ಅದು ಹಿಂತೆಗೆದ ಸುದ್ದಿ ವಾಟ್ಸಾಪಿನಲ್ಲಿ ಅಷ್ಟಾಗಿ ಓಡಾಡಲಿಲ್ಲ.

ನಿಜವಾದ ನಷ್ಟ ಬೇರೆಯದು, ಅದನ್ನು ಸಣ್ಣದು ಮಾಡಬಾರದು. ನಮ್ಮ ಸರ್ಕಾರಿ ಶಾಲೆಗಳ ಒಂದರಿಂದ ಮೂರನೇ ತರಗತಿಯ ನಲಿಕಲಿಯಲ್ಲಿ ಮಕ್ಕಳು ಗುಂಪಾಗಿ, ಎದುರುಬದುರಾಗಿ ಕೂತು ಕಲಿಯುತ್ತಾರೆ. ಅಕ್ಷರಗಳ ಉಚ್ಚಾರದ ಭೇದವನ್ನು ಮಗು ಕಿವಿಯಿಂದ ಮಾತ್ರವಲ್ಲ, ಶಿಕ್ಷಕಿಯ ತುಟಿ ನೋಡಿಯೂ ಹಿಡಿಯುತ್ತದೆ. ಕಿವಿ ಕೇಳದ ಮಗುವಿಗಂತೂ ತುಟಿಯೇ ಅಕ್ಷರ. ಅಂಥ ಮಕ್ಕಳಿರುವ ತರಗತಿಯಲ್ಲಿ ಶಿಕ್ಷಕರು ಪಾರದರ್ಶಕ ಮುಖಕವಚ ಹಾಕಿಕೊಂಡು, ದೂರ ನಿಂತು, ಬಾಗಿಲು ತೆರೆದು ಪಾಠ ಮಾಡುವ ಅವಕಾಶ ನಿಯಮದಲ್ಲೇ ಇರಬೇಕು. ಹೆಡ್‌ಮಾಸ್ಟರರ ದಯೆಗೆ ಅದನ್ನು ಬಿಡಬಾರದು.

ಆದರೂ ನಾನು ಮಾಸ್ಕ್ ನಿಯಮದ ಪರವಾಗಿಯೇ ಮಾತಾಡುತ್ತಿದ್ದೇನೆ, ಏಕೆಂದರೆ ಆಗ ನಮ್ಮೆದುರು ಇನ್ನೊಂದು ದಾರಿ ಇದ್ದದ್ದು ಶಾಲೆಗೆ ಬೀಗ. 2020ರ ಜೂನ್ 25ರಂದು ಎಸ್ಸೆಸ್ಸೆಲ್ಸಿ ಪರೀಕ್ಷೆ ಶುರುವಾದಾಗ ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳು ಹೆಸರು ನೋಂದಾಯಿಸಿದ್ದರು. ಮಾಸ್ಕ್ ಹಾಕಿ, ದೂರ ದೂರ ಕೂತು ಮಕ್ಕಳು ಪರೀಕ್ಷೆ ಬರೆದರು. ಆ ವರ್ಷವೇ ಆಗಸ್ಟ್‌ನಲ್ಲಿ ಆರಂಭವಾದ ವಿದ್ಯಾಗಮ ಎಂಬ ಸರ್ಕಾರಿ ಯೋಜನೆಯಲ್ಲಿ ಶಿಕ್ಷಕರು ಮರದ ನೆರಳಿನಲ್ಲಿ, ದೇವಸ್ಥಾನದ ಜಗಲಿಯಲ್ಲಿ ಪಾಠ ಹೇಳಿದರು. ಸೋಂಕಿನ ಸುದ್ದಿಗಳು ಬಂದು ಅಕ್ಟೋಬರ್‌ನಲ್ಲಿ ಅದು ನಿಂತಿತು. ಬಯಲ ಗಾಳಿಯಲ್ಲಿ ಮಾಸ್ಕ್ ಹಾಕಿ ಕಲಿಯುವುದಕ್ಕಿಂತ ಸುರಕ್ಷಿತವಾದ ಶಾಲೆ ಆಗ ಇನ್ನೊಂದಿರಲಿಲ್ಲ. ಅದನ್ನು ಪೂರ್ತಿ ನಿಲ್ಲಿಸದೆ ತಿದ್ದಿಕೊಂಡು ಮುಂದುವರಿಸಬೇಕಿತ್ತು. ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಶಾಲೆಯ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ರಂದು. ಮುಚ್ಚಿದ್ದು 2020ರ ಮಾರ್ಚ್‌ನಲ್ಲಿ. ಹತ್ತೊಂಬತ್ತು ತಿಂಗಳು!

ಈ ಬೀಗದ ಬೆಲೆಯನ್ನು ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2021ರ ಜನವರಿಯಲ್ಲಿ ಅಳೆಯಿತು. ಕರ್ನಾಟಕವೂ ಸೇರಿ ಐದು ರಾಜ್ಯಗಳ 16,067 ಮಕ್ಕಳಲ್ಲಿ ಶೇ. 92 ಮಂದಿ ಹಿಂದಿನ ವರ್ಷ ಬರುತ್ತಿದ್ದ ಭಾಷಾ ಸಾಮರ್ಥ್ಯಗಳಲ್ಲಿ ಒಂದನ್ನಾದರೂ ಮರೆತಿದ್ದರು, ಗಣಿತದಲ್ಲಿ ಶೇ. 82. ಇದರ ಪಕ್ಕದಲ್ಲಿಟ್ಟರೆ ಮಾಸ್ಕ್ ಎಂಬ ತೊಂದರೆ ಸಣ್ಣದು. ಶಿಕ್ಷಕರಿಗೆ ಕೊಠಡಿಗೆ ಬರುವ ಧೈರ್ಯ, ಅಜ್ಜ-ಅಜ್ಜಿ ಇರುವ ಮನೆಯವರಿಗೆ ಮಗುವನ್ನು ಕಳಿಸುವ ಧೈರ್ಯ ಅದರಿಂದ ಬರುವುದಾದರೆ, ಅಷ್ಟಕ್ಕೇ ಅದು ಸಾರ್ಥಕ.

ಹಾಗೆಂದು ಕಡ್ಡಾಯವನ್ನು ಕೊನೆಯಿಲ್ಲದೆ ಎಳೆಯಲಾಗದು. ಚೀನಾದಲ್ಲಿ ಅಲೆ ಎದ್ದ ಸುದ್ದಿಗೆ ನಮ್ಮ ರಾಜ್ಯ ಸರ್ಕಾರ 2022ರ ಡಿಸೆಂಬರ್ 26ರಂದು ಶಾಲೆ, ಕಾಲೇಜು, ಚಿತ್ರಮಂದಿರಗಳಲ್ಲಿ ಮತ್ತೆ ಮಾಸ್ಕ್ ಕಡ್ಡಾಯ ಎಂದಿತು. ಆ ಹೊತ್ತಿಗೆ ಹನ್ನೆರಡು ದಾಟಿದ ಮಕ್ಕಳಿಗೆ ಲಸಿಕೆ ಆರಂಭವಾಗಿ ಒಂಬತ್ತು ತಿಂಗಳಾಗಿತ್ತು, ಒಮಿಕ್ರಾನ್ ಹೆಚ್ಚಿನ ಮನೆಗಳನ್ನು ಹಾದುಹೋಗಿತ್ತು. ಅಂಥ ಆದೇಶವನ್ನು ಶಿಕ್ಷಕರೂ ನಂಬುವುದಿಲ್ಲ, ಮಕ್ಕಳೂ ಪಾಲಿಸುವುದಿಲ್ಲ. ನಿಜವಾಗಿ ಬೇಕಾದ ದಿನ ಹೇಳಿದಾಗ ಆ ಮಾತಿಗೆ ತೂಕ ಉಳಿಯುವುದಿಲ್ಲ. ಜಿಲ್ಲೆಯಲ್ಲಿ ಸೋಂಕು ಯಾವ ಮಟ್ಟ ಮುಟ್ಟಿದರೆ ಮಾಸ್ಕ್, ಯಾವ ಮಟ್ಟಕ್ಕೆ ಇಳಿದರೆ ತೆಗೆಯಬಹುದು ಎಂಬೆರಡೂ ಆದೇಶದ ಒಂದೇ ಹಾಳೆಯಲ್ಲಿರಲಿ.

ಕೊನೆಯದಾಗಿ, ಯಾವ ಆದೇಶಕ್ಕೂ ಕಾಯಬೇಕಿಲ್ಲದ ಒಂದು ಕೆಲಸವಿದೆ. ನಿಮ್ಮ ಶಾಲೆಯ ಎಸ್‌ಡಿಎಂಸಿ ಸಭೆಗೆ ಹೋದಾಗ ತರಗತಿಗಳನ್ನು ಒಮ್ಮೆ ಸುತ್ತಿ ಬನ್ನಿ. ಎದುರುಬದುರು ಗೋಡೆಗಳಲ್ಲಿ ಕಿಟಕಿ ಇದೆಯೇ, ಇದ್ದರೆ ತೆರೆಯುತ್ತದೆಯೇ ಅಥವಾ ಬೀರು ಅಡ್ಡ ನಿಂತಿದೆಯೇ, ಮಳೆಗೆ ಇರಚಲು ಹೊಡೆಯದಂತೆ ಮೇಲೆ ಸಜ್ಜೆ ಇದೆಯೇ ನೋಡಿ. ಎಲ್ಲರ ಉಸಿರಿನಿಂದ ಕೊಠಡಿಯಲ್ಲಿ ಕೂಡುವ ಇಂಗಾಲದ ಡೈಆಕ್ಸೈಡ್ ಅಳೆಯುವ ಕೈಯಗಲದ ಯಂತ್ರಗಳು ಈಗ ಸಿಗುತ್ತವೆ. ಹೊರಗಿನ ಗಾಳಿಯಲ್ಲಿ ಅದು ಹತ್ತು ಲಕ್ಷಕ್ಕೆ ಸುಮಾರು 420 ಭಾಗ. ಮಕ್ಕಳು ತುಂಬಿದ ಕೊಠಡಿಯಲ್ಲಿ 800 ದಾಟಿದರೆ ಗಾಳಿಯಾಟ ಸಾಲದು. ತಾಲ್ಲೂಕಿಗೆ ಇಂಥ ನಾಲ್ಕಾರು ಯಂತ್ರಗಳನ್ನು ಕೊಂಡು ಶಾಲೆಯಿಂದ ಶಾಲೆಗೆ ಒಯ್ದು ಅಳೆಯುವಂತೆ ಬಿಇಒ ಕಚೇರಿಗೆ ಒಂದು ಮನವಿ ಕೊಡಿ, ಬೇರೆ ಪೋಷಕರ ಸಹಿಯನ್ನೂ ಹಾಕಿಸಿ.