ಬಿಲ್ಲು ಬಂದ ಮಾತ್ರಕ್ಕೆ ಋಣವುಂಟೆ?

ಅಂಗಡಿಕಾರನ ಗಲ್ಲೆಯ ಬಳಿ ದಿನವೂ ಹಲವು ಕಾಗದಗಳು ಬಂದು ಬೀಳುತ್ತವೆ. ಕೆಲವು ಅವನು ತರಿಸಿದ ಸರಕಿನ ಬಿಲ್ಲುಗಳು, ಕೆಲವು ಜಾಹೀರಾತುಗಳು, ಇನ್ನು ಕೆಲವು ಬಿಲ್ಲಿನ ವೇಷ ತೊಟ್ಟು ಬರುವ, ಆದರೆ ಬಿಲ್ಲಲ್ಲದ ಕಾಗದಗಳು. ಈ ಮೂರನೆಯ ಜಾತಿಯ ವಿಚಾರವಾಗಿ ನಾಲ್ಕು ಮಾತು ಬರೆಯಬೇಕೆಂದು ನಮಗೆ ತೋರಿದ್ದಕ್ಕೆ ಎರಡು ಕಾರಣಗಳುಂಟು. ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಕಿರಾಣಿ, ಅರಿವೆ, ಕಬ್ಬಿಣದ ಸಾಮಾನುಗಳ ಚಿಕ್ಕ ಅಂಗಡಿಕಾರರ ಮಕ್ಕಳು. ಮನೆಯ ಮಾತು ಕನ್ನಡ, ವಹಿಯ ಬರಹ ಮರಾಠಿ, ಹೊರಗಿನಿಂದ ಬರುವ ಬಿಲ್ಲಿನ ಭಾಷೆ ಇಂಗ್ಲಿಷು. ಆ ಬಿಲ್ಲನ್ನು ತಂದೆಗೆ ಓದಿ ಹೇಳುವ ಭಾರವು ಎಷ್ಟೋ ಮನೆಗಳಲ್ಲಿ ಎಂಟನೆಯ, ಒಂಬತ್ತನೆಯ ವರ್ಗದ ಮಗುವಿನ ಮೇಲೆ ಬೀಳುತ್ತದೆ. ಎರಡನೆಯ ಕಾರಣವು ನಮಗೆ ಅಷ್ಟು ಗೌರವ ತರುವಂಥದಲ್ಲ. ಅದನ್ನು ಮುಂದೆ ಹೇಳುವೆವು.

ಮೊದಲು ಮೂಲದ ವಿಚಾರ. ಋಣವು ಬಿಲ್ಲಿನಿಂದ ಹುಟ್ಟುವುದಿಲ್ಲ. ನಾವು ಒಂದು ವಸ್ತುವನ್ನು ಬೇಡಿದೆವು, ಒಬ್ಬನು ಕೊಡಲೊಪ್ಪಿದನು, ಆ ವಸ್ತುವು ನಮ್ಮ ಕೈಸೇರಿತು. ಋಣ ಹುಟ್ಟುವುದು ಅಲ್ಲಿ. ಬಿಲ್ಲು ಅದನ್ನು ನೆನಪಿಸುವ ಕಾಗದ ಮಾತ್ರ. ಆದುದರಿಂದ ಹಣ ಕೊಡುವ ಮುನ್ನ ಮೂರು ಬರಹಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟು ನೋಡಬೇಕು: ನಾವು ಬೇಡಿಕೆ ಕಳುಹಿಸಿದ್ದರ ನಕಲು, ಮಾಲು ಬಂದ ದಿನದ ನಮ್ಮದೇ ನಮೂದು, ಮತ್ತು ಈಗ ಬಂದಿರುವ ಬಿಲ್ಲು. ದೊಡ್ಡ ಕಂಪನಿಗಳಲ್ಲಿ ಇದಕ್ಕೆ ಪ್ರತ್ಯೇಕ ಗುಮಾಸ್ತರೇ ಇರುತ್ತಾರೆ. ಆದರೆ ದೀಪಾವಳಿಯ ಪಾಡ್ಯದಂದು ಪೂಜೆ ಮಾಡಿ ತೆರೆಯುವ ವಹಿಯಲ್ಲಿ ದಿನದ ಕಿರ್ದಿಯನ್ನು ತಪ್ಪದೆ ಬರೆಯುತ್ತಿದ್ದ ಹಳೆಯ ವ್ಯಾಪಾರಿಗೂ ಈ ಕೆಲಸ ತಿಳಿದಿತ್ತು. ಕಿರ್ದಿಯಲ್ಲಿಲ್ಲದ ಮಾಲಿಗೆ ಅವನು ಹಣ ಬಿಚ್ಚುತ್ತಿರಲಿಲ್ಲ. ವಂಚಕನು ಕಾಯುವುದು ಮೊದಲನೆಯ ಎರಡು ಬರಹಗಳಿಲ್ಲದ, ಮೂರನೆಯದನ್ನಷ್ಟೇ ನೋಡಿ ಹಣ ಕೊಡುವ ಅಂಗಡಿಯನ್ನು.

ಈ ಮೋಸ ಒಂದು ದೇಶದ್ದಲ್ಲ. ‘ನಿಮ್ಮ ಅಂಗಡಿಯ ಹೆಸರನ್ನು ವ್ಯಾಪಾರಿಗಳ ಕೈಪಿಡಿಯಲ್ಲಿ ಅಚ್ಚುಮಾಡಿದ್ದೇವೆ, ಅದರ ಶುಲ್ಕ ಕೊಡಿರಿ’ ಎಂದು ಕೇಳುವ ಬಿಲ್ಲುಗಳ ಕಾಟಕ್ಕೆ ಬ್ರಿಟನ್ನಿನಲ್ಲಿ 1971ರಲ್ಲಿಯೇ ಕಾಯಿದೆಯ ಕಡಿವಾಣ ಬಿತ್ತು. ಬರಹದ ಒಪ್ಪಿಗೆಯಿಲ್ಲದೆ ಇಂಥ ಕೈಪಿಡಿಯ ಶುಲ್ಕವನ್ನು ಯಾರೂ ಕೊಡಬೇಕಾಗಿಲ್ಲವೆಂದೂ, ಕೇಳದೆ ಕಳುಹಿಸಿದ ಸರಕಿಗೆ ಹಕ್ಕಿಲ್ಲದೆ ಹಣ ಕೇಳುವುದು ಅಪರಾಧವೆಂದೂ ಆ ಕಾಯಿದೆ ಹೇಳಿತು. ಅಮೆರಿಕದ ಅಂಚೆಯ ಕಾನೂನು ಇನ್ನೊಂದು ಬಗೆಯಲ್ಲಿ ಕಟ್ಟುಹಾಕಿದೆ: ಬಿಲ್ಲಿನಂತೆ ಕಾಣುವ ಮಾರಾಟದ ಪತ್ರದ ಮೇಲೆ ‘ಇದು ಬಿಲ್ಲಲ್ಲ’ ಎಂಬರ್ಥದ ಮಾತು ಎದ್ದುಕಾಣುವಂತೆ ಇರಲೇಬೇಕು. ಅದೇ ದೇಶದಲ್ಲಿ ಛಾಪಾಯಂತ್ರದ ಶಾಯಿಪುಡಿಯ ಹೆಸರಿನಲ್ಲಿ ನಡೆದ ಮೋಸ ಪ್ರಸಿದ್ಧವಾದುದು. ಮೊದಲು ಟೆಲಿಫೋನಿನಲ್ಲಿ ಆಫೀಸಿನ ಯಂತ್ರದ ನಮೂನೆಯನ್ನು ನಯವಾಗಿ ಕೇಳಿಕೊಳ್ಳುವುದು. ಮುಂದೆ ಅದೇ ನಮೂನೆಯ ಶಾಯಿಪುಡಿಗೆ, ಫೋನಿನಲ್ಲಿ ಮಾತನಾಡಿದ ಗುಮಾಸ್ತನ ಹೆಸರು ಹಾಕಿ, ಹೆಚ್ಚಿನ ಬೆಲೆಯ ಬಿಲ್ಲು ಕಳುಹಿಸುವುದು. ಗುಮಾಸ್ತನ ಹೆಸರು ಕಂಡ ಯಜಮಾನನು ‘ನಮ್ಮವನೇ ತರಿಸಿರಬೇಕು’ ಎಂದುಕೊಂಡು ಹಣ ಕೊಟ್ಟುಬಿಡುತ್ತಾನೆ.

ಚಿಕ್ಕವರು ಮಾತ್ರವೇ ಮೋಸಹೋಗುತ್ತಾರೆಂದು ಯಾರೂ ನಾಚಬೇಕಾಗಿಲ್ಲ. ಲಿಥುವೇನಿಯದ ಎವಾಲ್ಡಾಸ್ ರಿಮಾಸೌಸ್ಕಾಸ್ ಎಂಬವನು ತೈವಾನಿನ ಒಂದು ಯಂತ್ರತಯಾರಕ ಕಂಪನಿಯ ಹೆಸರಿನಲ್ಲಿಯೇ ಲಾಟ್ವಿಯದಲ್ಲಿ ಇನ್ನೊಂದು ಕಂಪನಿಯನ್ನು ನೋಂದಾಯಿಸಿ, ಸುಳ್ಳು ಬಿಲ್ಲುಗಳ ಆಧಾರದ ಮೇಲೆ 2013ರಿಂದ 2015ರವರೆಗೆ ಗೂಗಲ್ ಮತ್ತು ಫೇಸ್‌ಬುಕ್ ಕಂಪನಿಗಳಿಂದ ಸುಮಾರು 12 ಕೋಟಿ ಡಾಲರುಗಳನ್ನು ತರಿಸಿಕೊಂಡನು. 2019ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ಅವನಿಗೆ ಐದು ವರ್ಷಗಳ ಸೆರೆವಾಸ ವಿಧಿಸಿತು. ಆ ಎರಡು ಕಂಪನಿಗಳೂ ತೈವಾನಿನವರೊಡನೆ ನಿಜವಾಗಿಯೇ ವ್ಯವಹಾರ ಇಟ್ಟುಕೊಂಡಿದ್ದವೆಂಬುದನ್ನು ಗಮನಿಸಬೇಕು. ಪರಿಚಿತ ಹೆಸರು, ಅಪರಿಚಿತ ಬ್ಯಾಂಕು ಖಾತೆ: ನಮ್ಮ ಪೇಟೆಯಲ್ಲಿಯೂ ‘ನಮ್ಮ ಖಾತೆ ಬದಲಾಗಿದೆ, ಹಣವನ್ನು ಇಲ್ಲಿಗೆ ಹಾಕಿರಿ’ ಎಂಬ ಸಂದೇಶ ಬಂದರೆ, ಆ ಸಂದೇಶದಲ್ಲಿರುವ ನಂಬರಿಗಲ್ಲ, ನಮ್ಮ ಬಳಿ ಮೊದಲಿನಿಂದ ಇರುವ ನಂಬರಿಗೆ ಫೋನು ಮಾಡಿ ಕೇಳಬೇಕು.

ಇನ್ನು ನಮ್ಮ ಕಥೆ. ಎರಡು ವರ್ಷಗಳ ಹಿಂದೆ ಶಾಲೆಗೆ ಒಂದು ಬಿಲ್ಲು ಬಂದಿತು. ವಿದ್ಯಾಸಂಸ್ಥೆಗಳ ಕೈಪಿಡಿಯೊಂದರಲ್ಲಿ ಹೆಸರು ಸೇರಿಸಿದ್ದಕ್ಕೆ 2,000 ರೂಪಾಯಿ, ತೆರಿಗೆ 360, ಒಟ್ಟು 2,360. ಕಾಗದ ದಪ್ಪ, ಅಚ್ಚು ಚೆಲುವು, ‘ಕೊನೆಯ ಜ್ಞಾಪನೆ’ ಎಂಬ ಕೆಂಪು ಮುದ್ರೆ. ಪರೀಕ್ಷೆಯ ಕಾಲ, ಗುಮಾಸ್ತರು ಕಡತದಲ್ಲಿಟ್ಟು ತಂದರು, ನಾವು ಸಹಿ ಮಾಡಿದೆವು. ಮೊದಲನೆಯ ಜ್ಞಾಪನೆ ಎಲ್ಲಿ ಎಂದು ಕೇಳಲಿಲ್ಲ. ಕೂಲಿಮಾಡುವವರೂ ನೂರಿನ್ನೂರು ಕೊಟ್ಟು ಕೂಡಿಸಿದ ಧರ್ಮದ ಹಣವದು. ಆಡಳಿತ ಮಂಡಳಿಯವರು ನಮ್ಮನ್ನು ಏನೂ ಅನ್ನಲಿಲ್ಲ. ಅಂದಿದ್ದರೆ ಮನಸ್ಸಿಗೆ ಹಗುರವಾಗುತ್ತಿತ್ತು.

ಒಮ್ಮೆ ಕೊಟ್ಟವನು ಮತ್ತೆ ಕೊಡುವನೆಂಬುದು ಈ ಕಸುಬಿನವರ ಲೆಕ್ಕ. ಮರುವರ್ಷ ‘ಬಾಕಿ ವಸೂಲಿ’ಯವರದೆಂಬ ಪತ್ರ ಬಂದಿತು. ಹಿಂದಿನ ಸಂದಾಯದಿಂದ ಕರಾರು ಮುಂದುವರಿದಿದೆ, ಈಗ 14,160 ರೂಪಾಯಿ ಬಾಕಿ, ಏಳು ದಿನಗಳಲ್ಲಿ ಕೊಡದಿದ್ದರೆ ಜಪ್ತಿ ಎಂದು ಅದರಲ್ಲಿತ್ತು. ಬೆನ್ನಲ್ಲೇ ಫೋನು: ‘ಸದ್ಯಕ್ಕೆ 1,000 ರೂಪಾಯಿ ಹಾಕಿರಿ ಸಾಕು, ನಿಲ್ಲಿಸುತ್ತೇವೆ.’

ಇಲ್ಲಿ ಕಾನೂನಿನ ತಿಳಿವು ಬೇಕಾಗುತ್ತದೆ. ವಕೀಲರ ನೋಟೀಸು ನ್ಯಾಯಾಲಯದ ಆಜ್ಞೆಯಲ್ಲ; ಅದು ಅವರ ಕಕ್ಷಿದಾರನ ಹೇಳಿಕೆ ಮಾತ್ರ. ವಸೂಲಿಗೆ ಬಂದವನು ತಾನಾಗಿಯೇ ಅಂಗಡಿಗೆ ಬೀಗ ಹಾಕುವಂತಿಲ್ಲ; ಜಪ್ತಿಗೆ ನ್ಯಾಯಾಲಯದ ಆಜ್ಞೆ ಬೇಕು. ನಿಜವಾದ ಬ್ಯಾಂಕು ಸಾಲದ ವಸೂಲಿಗಾರರು ಕೂಡ ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ತರುವಾಯ ಸಾಲಗಾರನಿಗೆ ಫೋನು ಮಾಡಬಾರದೆಂದು 2022ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕು ಆದೇಶಿಸಿತು. ಕೊಂಡ ಮಾಲಿನ ಬೆಲೆಗೆ, ಉದ್ದರಿಯ ಅವಧಿ ಗೊತ್ತುಮಾಡಿರದಿದ್ದರೆ, ಮಾಲು ಕೊಟ್ಟ ದಿನದಿಂದ ಮೂರು ವರ್ಷಗಳೊಳಗೆ ದಾವೆ ಹೂಡಬೇಕೆಂದು 1963ರ ಕಾಲಮಿತಿ ಕಾಯಿದೆ ಹೇಳುತ್ತದೆ. ಆದರೆ ಆ ಅವಧಿಯೊಳಗೆ ಸಾಲಗಾರನು ಬಾಕಿಯನ್ನು ಬರೆದು ಸಹಿ ಮಾಡಿ ಒಪ್ಪಿದರೆ, ಅಥವಾ ಸ್ವಲ್ಪ ಹಣ ಕೊಟ್ಟು ಅದನ್ನು ತನ್ನ ಬರಹದಲ್ಲಿ ನಮೂದಿಸಿದರೆ, ಎಣಿಕೆ ಹೊಸದಾಗಿ ಆರಂಭವಾಗುತ್ತದೆ. ಸುಳ್ಳು ಸಾಲವು ಇದರಿಂದ ನಿಜವಾಗದು; ಆದರೂ ‘ಸಾವಿರ ರೂಪಾಯಿ ಸಾಕು’ ಎಂಬ ಔದಾರ್ಯದ ಹಿಂದೆ ಏನಿದೆಯೆಂಬುದನ್ನು ಇದರಿಂದ ಊಹಿಸಬಹುದು. ನಾವೇ ಒಪ್ಪಿಕೊಂಡೆವೆಂಬ ಸಾಕ್ಷಿ ಅವರಿಗೆ ಬೇಕಾಗಿರುತ್ತದೆ. ವಂಚನೆ ಮತ್ತು ಸುಲಿಗೆಗಳು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 318 ಮತ್ತು 308ನೆಯ ಕಲಮುಗಳಲ್ಲಿ ಬರುತ್ತವೆ. ಫೋನಿನ ಮೂಲಕ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ತಿಳಿಸಬೇಕು. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರಿಹೋಗುವ ಮೊದಲೇ ತಡೆಹಿಡಿಯುವ ಆಸೆ ಉಳಿಯುವುದು ಆಗ ಮಾತ್ರ.

ಈ ಬಾರಿ ನಾವು ಎರಡು ಸಾಲಿನ ಉತ್ತರ ಬರೆದೆವು: ‘ನಮ್ಮ ಸಹಿಯುಳ್ಳ ಕರಾರಿನ ಪ್ರತಿಯನ್ನೂ ಅಚ್ಚಾದ ಕೈಪಿಡಿಯನ್ನೂ ಕಳುಹಿಸಿರಿ. ಬಂದ ಮೇಲೆ ವಿಚಾರಿಸುವೆವು.’ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿದ ಆ ಲಕೋಟೆ, ಅಂಥ ವಿಳಾಸದಾರರಿಲ್ಲವೆಂಬ ಷರಾದೊಡನೆ ಹಿಂದಿರುಗಿತು.

ಬಳಿಕ ಆ ಬಿಲ್ಲನ್ನು ಹತ್ತನೆಯ ವರ್ಗಕ್ಕೆ ಪಾಠವಾಗಿ ಕೊಂಡೊಯ್ದೆವು. ಜಿಎಸ್‌ಟಿ ಸಂಖ್ಯೆಯಲ್ಲಿ ಹದಿನೈದು ಅಕ್ಷರಾಂಕಗಳಿರುತ್ತವೆ. ಮೊದಲೆರಡು ರಾಜ್ಯದ ಅಂಕಿ: ಮಹಾರಾಷ್ಟ್ರಕ್ಕೆ 27, ಕರ್ನಾಟಕಕ್ಕೆ 29. ಮುಂದಿನ ಹತ್ತು ವ್ಯಾಪಾರಿಯ ಪ್ಯಾನ್ ಸಂಖ್ಯೆ. ಆ ಪ್ಯಾನಿನ ನಾಲ್ಕನೆಯ, ಎಂದರೆ ಒಟ್ಟಿನಲ್ಲಿ ಆರನೆಯ ಅಕ್ಷರವು ಒಡೆಯನ ಜಾತಿಯನ್ನು ಹೇಳುತ್ತದೆ: ಪಿ ಇದ್ದರೆ ಒಬ್ಬ ವ್ಯಕ್ತಿ, ಎಫ್ ಇದ್ದರೆ ಪಾಲುದಾರಿಕೆ, ಸಿ ಇದ್ದರೆ ಕಂಪನಿ. ಸರಕಾರದ ಜಿಎಸ್‌ಟಿ ಜಾಲತಾಣದಲ್ಲಿ ಸಂಖ್ಯೆಯನ್ನು ಬರೆದರೆ ಅದು ಯಾರದೆಂಬುದು ಯಾರಿಗಾದರೂ ತಿಳಿಯುತ್ತದೆ. ಇಷ್ಟನ್ನು ಹೇಳಿ, ಬಿಲ್ಲನ್ನು ಬೆಂಚಿನಿಂದ ಬೆಂಚಿಗೆ ಕಳುಹಿಸಿದೆವು. ಮೂರನೆಯ ಸಾಲಿನಲ್ಲಿ ಕುಳಿತಿದ್ದ, ಕಿರಾಣಿ ಅಂಗಡಿಯವರ ಮಗಳೊಬ್ಬಳು ಎದ್ದುನಿಂತಳು.

“ಸರ್, ಮ್ಯಾಲೆ ಪ್ರೈವೇಟ್ ಲಿಮಿಟೆಡ್ ಕಂಪನಿ ಅಂತ ಬರದಾರ್ರೀ. ಆರನೇ ಅಕ್ಷರ ಪಿ ಅದ ಅಲ್ರೀ?”

ನಾವು ಕನ್ನಡಕ ಹಾಕಿಕೊಂಡು ನೋಡಿದೆವು. ಪಿ ಎಂದೇ ಇತ್ತು. ಆಫೀಸಿಗೆ ಹೋಗಿ ಜಾಲತಾಣದಲ್ಲಿ ಹುಡುಕಲಾಗಿ, ಆ ಸಂಖ್ಯೆ ದೂರದ ಊರಿನ ಬೇರೊಬ್ಬ ವ್ಯಾಪಾರಿಯದೆಂದು ತಿಳಿಯಿತು. ತನ್ನ ಸಂಖ್ಯೆ ನಮ್ಮ ಕಡತದಲ್ಲಿ ಕುಳಿತಿರುವುದು ಪಾಪ ಅವನಿಗೂ ತಿಳಿದಿರಲಾರದು. ಅಂದಿನಿಂದ ಶಾಲೆಗೆ ಬರುವ ಪ್ರತಿಯೊಂದು ಬಿಲ್ಲಿನ ಹಿಂಬದಿಯಲ್ಲಿ, ಬೇಡಿಕೆಯ ತಾರೀಖನ್ನೂ ಮಾಲು ಬಂದ ತಾರೀಖನ್ನೂ ಗುಮಾಸ್ತರು ಬರೆದ ಮೇಲೆಯೇ ನಮ್ಮ ಲೇಖನಿಯ ಮುಚ್ಚಳ ತೆರೆಯುತ್ತದೆ.